ಶಾಂತಕ್ಕನ ಕಂಪ್ಯೂಟರ್ ಕ್ಲೀನಾದ ದಿನ

"ಮುಟ್ಬ್ಯಾಡ್ರಿ ಅಮ್ಮ, ಏನೂ ಮುಟ್ಬ್ಯಾಡ್ರಿ," ಎಂದ ನಿರಂಜನ್.

"ನಾನೆಲ್ಲಿ ಮುಟ್ಟಿದೆ? ಅದೇ ಕುಣೀತೈತೆ," ಎಂದರು ಹೊಳಲ್ಕೆರೆಯಿಂದ ಶಾಂತಕ್ಕ.

ಕುಣಿಯುತ್ತಿದ್ದುದು ನಿಜ. ಚಿತ್ರದುರ್ಗದ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕೂತಿದ್ದ ನಿರಂಜನನಿಗೆ ಆಕೆಯ ಪರದೆಯೆಲ್ಲ ತನ್ನ ಪರದೆಯ ಮೇಲೆ ಕಾಣುತ್ತಿತ್ತು. ಒಂದು ಜಾಹೀರಾತು ಮುಚ್ಚಿದರೆ ಮೂರು ತೆರೆದುಕೊಳ್ಳುತ್ತಿದ್ದವು. ಕೂದಲು ಬೆಳೆಸುವ ಎಣ್ಣೆ, ರಮ್ಮಿ ಆಟ, ಕೆನಡಾ ವೀಸಾ, ಒಂಟೆ ಹಾಲಿನ ಪುಡಿ. ಮೂಲೆಯಲ್ಲೊಬ್ಬಳು ತನ್ನ ಪಾಡಿಗೆ ತಾನು ಯೋಗಾಸನ ಹಾಕುತ್ತಿದ್ದಳು. ಅವಳನ್ನು ಕಳಿಸೋಣವೆಂದರೆ ಒತ್ತಲು ಗುಂಡಿಯೇ ಇರಲಿಲ್ಲ.

ಇವೆಲ್ಲದರ ನಡುವೆ ಒಂದು ಕೆಂಪು ಚೌಕ: 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ. ಕೂಡಲೇ ಈ ನಂಬರಿಗೆ ಕರೆ ಮಾಡಿ.'

ಆ ನಂಬರು ಈ ಕೋಣೆಯದೇ. ಆ ಕೆಂಪು ಚೌಕವನ್ನು ಊರೂರಿಗೆ ಬಿಟ್ಟವನು ಕೋಣೆಯ ಯಜಮಾನ ಪರಮೇಶಣ್ಣ. ಕನ್ನಡದಲ್ಲಿ ಬರೆಸಿದ್ದೂ ಅವನದೇ ಉಪಾಯ. "ಹಿಂದೀಲಿ ಕೇಳಿದ್ರೆ ನಮ್ ಜನ ಫೋನ್ ಇಟ್ಬಿಡ್ತಾರೆ ಕಣ್ಲಾ. ನಮ್ ಮಾತಲ್ಲಿ ಕೇಳು, ಬೀರು ಬೀಗದಕೈನೂ ಕೊಡ್ತಾರೆ."

ನಿರಂಜನನಿಗೆ ಮಾತ್ರ ಇನ್ನೂ ಯಾರೂ ಏನೂ ಕೊಟ್ಟಿರಲಿಲ್ಲ. ಬೆಳಗ್ಗೆ ಪರಮೇಶಣ್ಣ ಬಾಗಿಲಲ್ಲಿ ನಿಂತು ಹೇಳಿಯೇ ಹೋಗಿದ್ದ: "ಇವತ್ತು ಒಂದಾದ್ರೂ ಬೀಳ್ಬೇಕು. ಇಲ್ಲಾಂದ್ರೆ ನಾಳೆಯಿಂದ ನಿಮ್ ಮಾವನ ಹಿಟ್ಟಿನ ಗಿರಣಿಗೇ ಹೋಗು." ಮಗ ದುರ್ಗದಲ್ಲಿ ಕಂಪ್ಯೂಟರ್ ಆಫೀಸರ್ ಎಂದು ಅವ್ವ ತಮ್ಮೂರು ಯಲ್ಲದಕೆರೆಗೆಲ್ಲ ಸಾರಿಯಾಗಿತ್ತು. ಇನ್ನು ತಲೆತುಂಬ ರಾಗಿಹಿಟ್ಟು ಹೊತ್ತು ಅದೇ ಬೀದಿಯಲ್ಲಿ ಓಡಾಡುವುದು ಹೇಗೆ?

ಅಂಥ ಹೊತ್ತಿಗೆ ಸಿಕ್ಕವರು ಶಾಂತಕ್ಕ. ಕಂಪ್ಯೂಟರಿನ ಒಳಗೆ ಬರಲು ಬೇಕಾದ ಸಂಖ್ಯೆಯನ್ನು ಅವನು ಕೇಳುವ ಮೊದಲೇ ಗಡಗಡ ಓದಿ ಹೇಳಿದ್ದರು. ಇನ್ನುಳಿದದ್ದು ಎರಡೇ ಕೆಲಸ. ತನ್ನ ಚಿಕ್ಕ ಪ್ರೋಗ್ರಾಮನ್ನು ಒಳಗೆ ಅಡಗಿಸುವುದು, ಆಕೆಯಿಂದ ಬ್ಯಾಂಕಿನ ಪುಟ ತೆಗೆಸುವುದು. ಪಾಸ್‌ವರ್ಡ್ ತಾನಾಗಿ ಬಂದು ಕೈಗೆ ಬೀಳುತ್ತದೆ.

ಆದರೆ ಅಡಗಿಸಲು ಜಾಗವೆಲ್ಲಿ? ಒಳಗೆ ಆಗಲೇ ಕಳ್ಳರ ಸಂತೆ ನೆರೆದಿತ್ತು. ಇವನದನ್ನು ಕೂರಿಸಿದರೆ ಇನ್ಯಾರದೋ ಎಬ್ಬಿಸಿ ಓಡಿಸುತ್ತಿತ್ತು. ಬ್ಯಾಂಕಿನ ಪುಟ ತೆಗೆದರೆ ಅದರ ಮೇಲೆ ಒಂಟೆ ಬಂದು ನಿಲ್ಲುತ್ತಿತ್ತು.

ಬೇರೆ ದಾರಿ ಕಾಣಲಿಲ್ಲ. ಮೊದಲು ಅವರನ್ನೆಲ್ಲ ಖಾಲಿ ಮಾಡಿಸಬೇಕು. ನಿರಂಜನ್ ಅಂಗಿಯ ತೋಳು ಮಡಚಿದ.

"ಊಟ ಆಯ್ತೇನಪ್ಪ?" ಶಾಂತಕ್ಕ ಕೇಳಿದರು, ಹೊತ್ತು ಇಳಿಯತೊಡಗಿದಾಗ.

"ಇಲ್ಲಮ್ಮ. ಇದೊಂದು ಬೇರು ಕಿತ್ತು ಉಣ್ತೀನಿ."

"ನೋಡು, ಕೆಲ್ಸ ಅಂದ್ರೆ ಹಿಂಗಿರ್ಬೇಕು. ಹೋದ್ ವಾರ ಫೋನ್ನಾಗೆ ಒಬ್ಬ ಹಿಂದಿ ಹುಡುಗ ಸಿಕ್ಕಿದ್ದ. ಅರ್ಧಕ್ಕೇ ಬೈದು ಇಟ್ಟೋದ. ನಿಯತ್ತಿಲ್ಲ."

ಹೊಟ್ಟೆ ಚುರುಗುಟ್ಟುತ್ತಿದ್ದರೂ ನಿರಂಜನನ ಎದೆ ಒಂಚೂರು ಉಬ್ಬಿತು. ಈ ಕೋಣೆಯಲ್ಲಿ ಅವನನ್ನು ಹೊಗಳಿದವರು ಯಾರೂ ಇರಲಿಲ್ಲ.

ಕೊನೆಗೆ ಯೋಗದವಳೂ ಹೋದಳು. ಪರದೆಯ ಮೇಲೆ ಅಷ್ಟು ಹೊತ್ತು ಮುಚ್ಚಿಹೋಗಿದ್ದ ಮದುವೆ ಫೋಟೋ ಕಂಡಿತು. ಬಾಸಿಂಗ ಕಟ್ಟಿದ ಗಂಡು, ತಲೆ ತಗ್ಗಿಸಿದ ಹೆಣ್ಣು.

"ಮಗ ಸೊಸೇನಾ ಅಮ್ಮ?"

"ಯಾರೋ ಏನೋ. ಜೋಡಿ ಚೆನ್ನಾಗೈತೆ."

ಸೊಸೆಯ ಮೇಲೆ ಎಂಥ ಮುನಿಸೋ ಏನೋ ಎಂದುಕೊಂಡು ನಿರಂಜನ್ ಕೆದಕಲು ಹೋಗಲಿಲ್ಲ. ಆಚೆ ಕಡೆ ಯಾರೋ ಗಂಡಸರು ಕೆಮ್ಮಿದರು. "ಇನ್ನೂ ಎಷ್ಟೊತ್ತು ಶಾಂತಕ್ಕ?"

"ಕುಂತ್ಕಳ್ರಿ, ಕಾಫಿ ಕುಡೀರಿ. ಚಿನ್ನದಂಥ ಹುಡುಗ ಸಿಕ್ಕವ್ನೆ."

ನೆಂಟರಿಷ್ಟರು ತುಂಬಿದ ಮನೆ. ಒಳ್ಳೆಯ ಕುಳವೇ ಇರಬೇಕು. ನಿರಂಜನ್ ಹುರುಪಿನಿಂದ ಹಳೆಯ ಸಾಫ್ಟ್‌ವೇರನ್ನೆಲ್ಲ ಹೊಸದು ಮಾಡಿದ. ಹೋದವರು ಮತ್ತೆ ನುಗ್ಗದಂತೆ ನಿಜವಾದ ಆಂಟಿವೈರಸ್ ಒಂದನ್ನು ಕಾವಲಿಗೆ ಕೂರಿಸಿದ. ಕೆಲಸದ ಗುಂಗಿನಲ್ಲಿ ಬಾಯಿಂದ ಬುದ್ಧಿಮಾತೂ ಜಾರಿತು: "ಇನ್ಮ್ಯಾಲೆ ಸಿಕ್ಸಿಕ್ಕಿದ್ದು ಒತ್ಬ್ಯಾಡ್ರಿ ಅಮ್ಮ. ವೈರಸ್ ಐತೆ, ಫೋನ್ ಮಾಡಿ ಅಂತ ಬಂದ್ರೆ ಮಾಡ್ಲೇಬ್ಯಾಡ್ರಿ, ಎಲ್ಲ ಕಳ್ರು." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಹೌದಾ? ಹೇಳ್ತೀನಿ ತಗೋ," ಎಂದರು ಶಾಂತಕ್ಕ, ಸಾವಧಾನವಾಗಿ.

ಬಾಗಿಲಲ್ಲಿ ಪರಮೇಶಣ್ಣನ ತಲೆ ಕಂಡಿತು. ಬಿತ್ತಾ ಎಂದು ಹುಬ್ಬಿನಲ್ಲೇ ಕೇಳಿದ. ಬೀಳ್ತೈತೆ ಎಂದು ನಿರಂಜನ್ ಕೈಯಾಡಿಸಿ, ತನ್ನ ಪ್ರೋಗ್ರಾಮನ್ನು ಒಳಗೆ ಬಿಟ್ಟ. ಅವನೇ ಕೂರಿಸಿದ ಕಾವಲುಗಾರ ಅದರ ಕುತ್ತಿಗೆ ಹಿಡಿದು ಹೊರಗೆ ದಬ್ಬಿದ. ಕಾವಲುಗಾರನನ್ನು ಮಲಗಿಸಿ ಮತ್ತೆ ಬಿಟ್ಟ. ಈ ಸಲ ಕೂತಿತು.

"ಆಯ್ತಮ್ಮ, ಕನ್ನಡಿ ಆದಂಗಾತು. ಈಗ ನಿಮ್ ಬ್ಯಾಂಕಿನ ಪೇಜ್ ತೆಗೀರಿ, ಒಂದ್ಸಲ ಚೆಕ್ ಮಾಡಾಣ."

ಆ ಕಡೆಯಿಂದ ಏನೇನೋ ಎಳೆದಾಡುವ ಸದ್ದು. ಪರಮೇಶಣ್ಣ ಬಂದು ಬೆನ್ನ ಹಿಂದೆಯೇ ನಿಂತ. ಆಕೆಯ ಬೆರಳು ಎಲ್ಲಿವೆ ನೋಡೋಣವೆಂದು ನಿರಂಜನ್ ಆಕೆಗೆ ತಿಳಿಯದಂತೆ ಆ ಕಡೆಯ ಕ್ಯಾಮೆರಾ ತೆರೆದ.

ಹಜಾರದ ಚಾಪೆಯ ಮೇಲೆ ಗೋಡೆಯಿಂದ ಗೋಡೆಗೆ ಜನ ಕೂತಿದ್ದರು. ಒಬ್ಬೊಬ್ಬರ ತೊಡೆಯ ಮೇಲೂ ಟವೆಲಿನಲ್ಲಿ ಸುತ್ತಿದ ಒಂದೊಂದು ಸಿಪಿಯು ಡಬ್ಬ. ಅವರ ತಲೆಯ ಮೇಲೆ, ಹೊಸದಾಗಿ ಬಣ್ಣ ಬಳಿದ ಬೋರ್ಡು: 'ಶಾಂತಕ್ಕ ಕಂಪ್ಯೂಟರ್ ರಿಪೇರಿ, ಹೊಳಲ್ಕೆರೆ.'

"ಬ್ಯಾಂಕಿಂದು ನನ್ಗೇನ್ ಗೊತ್ತಪ್ಪ, ಈ ಡಬ್ಬದೋರು ಬಸ್ಸಿಗೆ ಹೊತ್ತಾತು ಅಂತ ಎದ್ದವ್ರೆ," ಎನ್ನುತ್ತ ಶಾಂತಕ್ಕ ವೈರಿಗೆ ಕೈ ಹಾಕಿದರು. "ಫೋನ್ ಇಡ್ಬ್ಯಾಡ, ಹಂಗೇ ಇರು. ಈಗ ತಾಳ್ಯ ಊರೋರ ಡಬ್ಬ ಸಿಗಿಸ್ತೀನಿ."