ಎಚ್ಚರದ ಶರಣ

ಕಳಕಮ್ಮ ಹಿಡಿದೆಳೆಯದಿದ್ದರೆ ಅವಳ ಗಂಡ ಕರಿಬಸಪ್ಪನ ಬಲಗೈ ಅವತ್ತು ಕುಸುಬಿಯ ಜೊತೆ ಗಾಣದೊಳಗೆ ಅರೆದುಹೋಗುತ್ತಿತ್ತು. ಕಾಳು ತಳ್ಳುತ್ತಿದ್ದವನ ಕಣ್ಣು ತೆರೆದೇ ಇತ್ತು, ಆದರೆ ಅವನಿಗೆ ಏನೂ ಕಾಣುತ್ತಿರಲಿಲ್ಲ.

ನಲವತ್ತು ದಿನದಿಂದ ಅವನಿಗೆ ರಾತ್ರಿ ನಿದ್ದೆಯಿಲ್ಲ. ಇರಕಲ್ಲಗಡದ ಜನವೋ, ಔಷಧ ಹುಡುಕುವುದು ಬಿಟ್ಟು ಅವನನ್ನು 'ಎಚ್ಚರದ ಶರಣ' ಮಾಡಿ ಕೂರಿಸಿಬಿಟ್ಟಿದ್ದರು! ದೀಪ ಹಚ್ಚುವ ಹೊತ್ತಿಗೆ ಬಂದು ಕಾಲಿಗೆ ಬೀಳುವರು, ತೆಂಗಿನಕಾಯಿ ಇಡುವರು. ಹೈದರಾಬಾದಿನಲ್ಲಿ ಚಹಾದ ರುಚಿ ಕಲಿತು ಬಂದು ಊರಿಗೆ ಮೊದಲ ಹೋಟೆಲ್ ಇಟ್ಟ ಹಂಪಣ್ಣನಂತೂ ದಿನಾ ಸಂಜೆ ಕೆಟಲಿ ತುಂಬ ಚಹಾ ತಂದು ಭಕ್ತಿಯಿಂದ ಮುಂದಿಡುತ್ತಿದ್ದ. ಶರಣರು ಒಂದು ದಿನವೂ ಬೇಡ ಎನ್ನಲಿಲ್ಲ.

ಆ ಮಧ್ಯಾಹ್ನವೇ ಕಳಕಮ್ಮ ಸೂಲಗಿತ್ತಿ ತಾಜಬೀಯನ್ನು ಕರೆತಂದಳು. ಕರಿಬಸಪ್ಪನ ಹೊಕ್ಕಳಬಳ್ಳಿ ಕೊಯ್ದವಳು. ಅವಳಿಗೆ ಅವನ ಮುಂದೆ ಎಲ್ಲಿಯ ದಾಕ್ಷಿಣ್ಯ?

"ದಿನಕ್ಕ ಎಷ್ಟು ಕಪ್ಪು ಚಾ ಕುಡೀತಿ?"

"ಹತ್ತೋ, ಹನ್ನೆರಡೋ."

"ಊಟ?"

"ಮಂದಿ ಹೋದ ಮ್ಯಾಲೆ. ನಡುರಾತ್ರಿ ಆಗತೈತಿ."

"ಮತ್ತ ನಿದ್ದಿ ಎಲ್ಲಿಂದ ಬರಬೇಕೋ ಕರಿಬಸ್ಯಾ? ಇವತ್ತಿಂದ ಚಾ ಬಂದ್. ಹೊತ್ತು ಮುಳುಗೂದರಾಗ ಜ್ವಾಳದ ಅಂಬಲಿ ಕುಡಿ. ಹಗಲೊತ್ತು ಗಾಣದ ಮ್ಯಾಲೆ ಕುಂದರಬ್ಯಾಡ, ಎತ್ತಿನ ಹಿಂದ ನಡಿ." ಕಳಕಮ್ಮನ ಕಡೆ ತಿರುಗಿದಳು. "ಮಲಗೂ ಮುಂದ ಗಸಗಸಿ ಅರೆದು ಹಾಲಾಗ ಕೊಡವ್ವಾ. ಅಂಗಾಲಿಗೆ ಎಣ್ಣಿ ತಿಕ್ಕು. ದೀಪ ಆರಿಸು, ಬಾಗಿಲಾ ಹಾಕು."

ಕರಿಬಸಪ್ಪ ತಲೆ ತಗ್ಗಿಸಿದ. "ಬಾಗಿಲಾ ಹಾಕಿದ್ರ ಮಂದಿ ಏನಂದಾರು? ಹುಟ್ಟಿದಾಗಿಂದ ನಂಗ ಯಾರೂ ಕೈ ಮುಗಿದಿದ್ದಿಲ್ಲ, ಯವ್ವಾ."

ಕಳಕಮ್ಮ ಅವನ ಬಲಗೈ ಹಿಡಿದು, "ನಂಗ ಶರಣ ಬ್ಯಾಡ್ರಿ, ನೀವು ಬೇಕು" ಎಂದು ಅತ್ತುಬಿಟ್ಟಳು.

ಎಂಟು ದಿನ ಬಾಗಿಲು ಹಾಕಿದ್ದೇ ಬಂತು, ನಿದ್ದೆ ಬರಲಿಲ್ಲ. ಒಂಬತ್ತನೆಯ ಬೆಳಗ್ಗೆ ಬಿಸಿಲೇರಿದರೂ ಕರಿಬಸಪ್ಪ ಏಳಲಿಲ್ಲ. ಕಳಕಮ್ಮ ಗಾಬರಿಯಾಗಿ ಅವನ ಮೂಗಿನ ಹತ್ತಿರ ಬೆರಳು ಹಿಡಿದಳು. ಬೆಚ್ಚಗಿನ ಉಸಿರು. ಬಾಯಿ ಒಂದಿಷ್ಟು ತೆರೆದಿತ್ತು, ಹಣೆಯ ಗೆರೆಗಳೆಲ್ಲ ಮಾಯವಾಗಿದ್ದವು. ಅಯ್ಯೋ ಶಿವನೇ, ಇಷ್ಟು ದೊಡ್ಡ ನಿದ್ದೆಯೊಂದು ಇಷ್ಟು ಸದ್ದಿಲ್ಲದೆ ಮನೆಯೊಳಗೆ ಬರುತ್ತದೆಯೇ! ಅವಳು ಮೈಮರೆತು ನೋಡುತ್ತ ನಿಂತಳು.

ಯಾರೋ ಬಾಗಿಲು ಬಡಿದರು. ತೆರೆದರೆ ಹಂಪಣ್ಣ, ಅವನ ಹಿಂದೆ ನಾಲ್ಕಾರು ಜನ. ಒಳಗೆ ಇಣುಕಿದ ಹಂಪಣ್ಣನ ಮುಖ ಸಪ್ಪಗಾಯಿತು.

"ಮಲಗ್ಯಾರೇನು? ಹಂಗಾರ ಎಲ್ಲಾ ಸುಳ್ಳೇನು?"

"ಹೂಂ, ಮಲಗ್ಯಾರ" ಎಂದಳು ಕಳಕಮ್ಮ ಪಿಸುದನಿಯಲ್ಲಿ. "ಕೈ ಮುಗಿಯೂದಿದ್ರ ಈಗ ಮುಗೀರಿ."

ಒಬ್ಬೊಬ್ಬರೇ ಗೊಣಗುತ್ತ ತಿರುಗಿ ಹೋದರು. ದಿನಾ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದ ಮುದುಕಿಯೊಬ್ಬಳು ಮಾತ್ರ ಹೋಗಲಿಲ್ಲ. ತೆಂಗಿನಕಾಯಿಯನ್ನು ಸದ್ದಾಗದಂತೆ ನೆಲಕ್ಕಿಟ್ಟು, ಮಲಗಿದವನಿಗೆ ಕೈ ಮುಗಿದು, ಅಲ್ಲೇ ಗೋಡೆಗೆ ಒರಗಿ ಕೂತಳು.

"ನಂಗ ಹಿಂಗ ನಿದ್ದಿ ಬಂದು ಆರು ವರ್ಷ ಆತವ್ವಾ. ಒಂದೀಟು ಕುಂತು ನೋಡ್ತೀನಿ."