ಬಾಯಿಪಾಠದ ಕುತೂಹಲ

"ಗದ್ದಕ್ಕೆ ಬೆರಳಿಡು. ಸ್ವಲ್ಪ ಯೋಚಿಸಿದ ಹಾಗೆ ಮಾಡು. ಆಮೇಲೆ ಕೇಳು," ಎಂದರು ಟೀಚರು. "ಈಗಷ್ಟೇ ತಲೆಗೆ ಹೊಳೀತು ಅನ್ನೋ ಹಾಗಿರ್ಬೇಕು."

ಪ್ರತಿಭಾವಂತ ಮಕ್ಕಳನ್ನೇ ಆರಿಸಿ ಮಾಡಿದ ವಿಶೇಷ ತರಗತಿ ಅದು. ಇಂಥ ಮಕ್ಕಳು ಎಲ್ಲಕ್ಕಿಂತ ಮೊದಲು ಬೆಳೆಸಿಕೊಳ್ಳಬೇಕಾದದ್ದು ಪ್ರಶ್ನೆ ಕೇಳುವ ಕೌಶಲ ಎಂದು ಮೇಲಿನವರು ತೀರ್ಮಾನಿಸಿದ್ದರು. ಅದು ಎಷ್ಟು ಬೆಳೆದಿದೆ ಎಂದು ನೋಡಲು ಇನ್ನು ಸ್ವಲ್ಪ ಹೊತ್ತಿನಲ್ಲಿ ಇನ್‌ಸ್ಪೆಕ್ಟರು ಬರುವವರಿದ್ದರು. ಹಾಗಾಗಿ ಟೀಚರು ವಾರವಿಡೀ ಕೂತು ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಬಾಯಿಪಾಠ ಮಾಡಿಸಿದ್ದರು. ಯಾವುದಕ್ಕೂ ಇರಲಿ ಎಂದು ಉತ್ತರವನ್ನೂ ಮಾಡಿಸಿದ್ದರು. ಕುತೂಹಲಕ್ಕೂ ರಿಹರ್ಸಲ್ಲು!

ಕೊನೆಯ ಬೆಂಚಿನ ಹುಡುಗಿಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ತರಗತಿಯವರು ಅವಳಿಗಿಟ್ಟ ಹೆಸರು ‘ಯಾಕಮ್ಮ’. ವರ್ಷವೆಲ್ಲ ಯಾಕೆ ಯಾಕೆ ಎಂದು ಟೀಚರ ತಲೆ ತಿಂದು, ‘ಸಾಕು, ಕೂತ್ಕೋ’ ಎಂದು ಬೈಸಿಕೊಂಡವಳು. ಅವಳ ಪಾಲಿಗೆ ಬಂದ ಪ್ರಶ್ನೆ, ಆಕಾಶ ನೀಲಿ ಯಾಕೆ?

"ಅದು ನಂಗೆ ಗೊತ್ತು ಮಿಸ್. ಗೊತ್ತಿರೋದನ್ನ ಯಾಕೆ ಕೇಳ್ಬೇಕು?"

"ಶುರುವಾಯ್ತಾ! ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ ತಾಯಿ. ಅಧಿಕಪ್ರಸಂಗ ಮಾಡಿದ್ಯೋ, ನಾಳೆಯಿಂದ ಪಕ್ಕದ ಮಾಮೂಲಿ ಕ್ಲಾಸಲ್ಲಿ ಕೂರ್ತೀಯ."

ಯಾಕಮ್ಮನ ಮುಖ ಸಪ್ಪಗಾಯಿತು. ಮಾಮೂಲಿ ಕ್ಲಾಸಿನಲ್ಲಿ ಮೈಕ್ರೋಸ್ಕೋಪ್ ಇರಲಿಲ್ಲ. ಇಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲಿತ್ತು. ಈರುಳ್ಳಿ ಸಿಪ್ಪೆ, ಇರುವೆಯ ಕಾಲು, ತನ್ನದೇ ರೆಪ್ಪೆಗೂದಲು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅದರಡಿ ಇಟ್ಟು ನೋಡುವುದೆಂದರೆ ಅವಳಿಗೆ ಪ್ರಾಣ. ಅದನ್ನು ಬಿಟ್ಟುಕೊಡುವುದೆಂದರೆ ಸುಮ್ಮನೆಯೇ?

ಇನ್‌ಸ್ಪೆಕ್ಟರು ಬಂದು ಕುರ್ಚಿಯಲ್ಲಿ ಕೂತರು. ಬೆರಳುಗಳು ಗದ್ದಕ್ಕೇರಿದವು. ಮೊದಲ ಬೆಂಚಿನಿಂದ ಟೀಚರ ಮಗಳೇ ಶುರು ಮಾಡಿದಳು, ಸಮುದ್ರದ ನೀರು ಉಪ್ಪು ಯಾಕೆ ಎಂದು. ಅಮ್ಮ ಹೇಳಿಕೊಟ್ಟಲ್ಲೇ ನಿಲ್ಲಿಸಿ, ಹೇಳಿಕೊಟ್ಟಲ್ಲೇ ಹುಬ್ಬೇರಿಸಿ, ಒಂದಕ್ಷರ ಹೆಚ್ಚುಕಮ್ಮಿಯಾಗದಂತೆ ಒಪ್ಪಿಸಿದಳು. ಅವಳ ಹಿಂದೆ ಮಿಕ್ಕವರು. "ಭೇಷ್! ಎಂಥ ಕುತೂಹಲ!" ಎಂದು ಇನ್‌ಸ್ಪೆಕ್ಟರು ತಲೆದೂಗಿದರು. ಟೀಚರು ಹಿಗ್ಗಿ ಹೀರೇಕಾಯಿಯಾದರು.

ಕೊನೆಯ ಸರದಿ ಯಾಕಮ್ಮನದು. ಎದ್ದು ನಿಂತಳು. ಕೈ ಗದ್ದದ ಹತ್ತಿರವೂ ಸುಳಿಯಲಿಲ್ಲ.

"ಕೇಳು ಮರಿ, ಸಂಕೋಚ ಬೇಡ," ಎಂದರು ಇನ್‌ಸ್ಪೆಕ್ಟರು.

"ನಿಮ್ಮನ್ನಲ್ಲ ಸರ್, ನಾನು ಇವ್ರನ್ನ ಕೇಳ್ಬೇಕು." ಅವಳು ಇಡೀ ತರಗತಿಯ ಮೇಲೆ ಕಣ್ಣಾಡಿಸಿದಳು. "ಈಗ ಕೇಳಿದ್ರಲ್ಲ, ಉತ್ತರ ಗೊತ್ತಿಲ್ದೆ ಕೇಳಿದೋರು ಯಾರು? ಕೈ ಎತ್ತಿ ನೋಡೋಣ."

ಒಂದು ಕೈಯೂ ಏಳಲಿಲ್ಲ. ಕೆಲವರು ಬಗ್ಗಿ ತಮ್ಮ ಬೂಟು ನೋಡಿಕೊಂಡರು. ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

ಟೀಚರ ಮುಖ ಕೆಂಪಗಾಯಿತು. "ಬ್ಯಾಗ್ ತಗೋ. ಪಕ್ಕದ ಕ್ಲಾಸಿಗೆ ನಡಿ. ನಾಳೆ ಅಲ್ಲ, ಈಗ್ಲೇ!"

ಯಾಕಮ್ಮನ ಕಣ್ಣು ತುಂಬಿ ಬಂತು, ಸುಳ್ಳೇಕೆ? ಕಿಟಕಿ ಪಕ್ಕದ ಮೈಕ್ರೋಸ್ಕೋಪಿನತ್ತ ಒಮ್ಮೆ ತಿರುಗಿ ನೋಡಿದಳು. ಆದರೂ ‘ಸಾರಿ ಮಿಸ್’ ಅನ್ನಲಿಲ್ಲ; ಅನ್ನುವಂಥ ತಪ್ಪು ಏನು ಮಾಡಿದ್ದಳು? ಬ್ಯಾಗು ಹೆಗಲಿಗೇರಿಸಿ, ತಲೆ ಎತ್ತಿಕೊಂಡೇ ಬಾಗಿಲ ಕಡೆ ನಡೆದಳು.

ಮೊದಲ ಬೆಂಚಿನಲ್ಲಿ ಟೀಚರ ಮಗಳು ದಡಕ್ಕನೆ ಎದ್ದಳು. ನಾಲಿಗೆ ತೊದಲುತ್ತಿತ್ತು.

"ಅಮ್ಮಾ... ಅವಳ್ಯಾಕೆ ಹೋಗ್ಬೇಕು?"