ಒಳಗೆ ಬಿಟ್ಟ ಬಟ್ಟೆ

"ನೈಟಿ ಒಂಚೂರೂ ಲೂಸಾಗಿಲ್ಲ ನೋಡಿ. ನಾನೆಲ್ಲಿ ಇಳಿದಿದೀನಿ?" ಎಂದು ಕಾಯಿಲೆ ಬಿದ್ದ ಹೆಂಡತಿ ಹಾಸಿಗೆಯಲ್ಲಿ ಎದ್ದು ಕುಳಿತು ಕೇಳಿದಾಗ ಟೈಲರ್ ಮುಖ ತಿರುಗಿಸಿದ. ಅವಳು ಸ್ನಾನಕ್ಕೆ ಹೋದಾಗಲೆಲ್ಲ ಅವಳ ನೈಟಿಗಳ ಪಕ್ಕದ ಹೊಲಿಗೆಯನ್ನು ಅವನು ಗುಟ್ಟಾಗಿ ಒಳಗೆ ಹಿಡಿಯುತ್ತಿದ್ದ. ಮಿಕ್ಕ ಬಟ್ಟೆಯನ್ನು ಮಾತ್ರ ಕತ್ತರಿಸಿರಲಿಲ್ಲ. ಮತ್ತೆ ಮೈ ತುಂಬಿಕೊಂಡರೆ ಬಿಚ್ಚಲು ಬೇಕಲ್ಲ!

ಅವಳು ನೈಟಿಯ ಅಂಚು ಮಗುಚಿ, ಒಳಗೆ ದಪ್ಪಗೆ ಮಡಚಿಕೊಂಡಿದ್ದ ಬಟ್ಟೆಯನ್ನು ತೋರಿಸಿದಳು. "ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಲೂಸು!"

ಅಂಗಡಿಯಲ್ಲಿ ದಿನವಿಡೀ ಕೇಳುವ ಲೂಸೇ ಬೇರೆ, ಮದುವೆಯಾದಂದಿನಿಂದ ಅವಳು ಮುದ್ದಿಗೆ ಬೈಯುವ ಈ ಲೂಸೇ ಬೇರೆ. ಅವನಿಗೆ ನಗು ಬಂದೇಬಿಟ್ಟಿತು.

ಅವಳು ದಿಂಬಿನಡಿಯಿಂದ ಅವನದೇ ಕತ್ತರಿ ತೆಗೆದು ಕೈಗಿಟ್ಟಳು. "ಇದನ್ನ ಕತ್ತರಿಸಿ ಹಾಕ್ಬಿಡಿ. ಮಗ್ಗುಲಾದ್ರೆ ಒತ್ತುತ್ತೆ. ಇನ್ನು ಬಿಚ್ಚೋ ಕೆಲಸ ಬರಲ್ಲ."